ಹೆಬ್ಬೆರಳಿನ ಕೆಳಗಿನ ಪದ

ಬೆಳಗಿನ ಐದೂಮುಕ್ಕಾಲು. ಕನ್ನಡಕದ ಅಂಗಡಿಯ ಷಟರ್ ಇನ್ನೂ ಮೇಲೆದ್ದಿಲ್ಲ. ಎದುರಿನ ಬ್ಯಾಂಕಿನ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಅಂಗಡಿಯ ಪಕ್ಕದ ಸಂದಿಯಂಥ ಮೆಟ್ಟಿಲುಗಳನ್ನು ಅರವತ್ತೊಂದು ವರ್ಷದ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಹತ್ತುತ್ತಿದ್ದಾರೆ. ಒಟ್ಟು ಇಪ್ಪತ್ತೆರಡು ಮೆಟ್ಟಿಲು. ಹದಿನಾಲ್ಕನೆಯದರ ಮೇಲೆ ನಿಂತು ಮಂಡಿ ಉಜ್ಜಿಕೊಳ್ಳುವುದು, ಮೇಲೆ ಹೋಗಿ ಬೀಗಕ್ಕೆ ನಾಲ್ಕು ಮಾತು ಬೈಯುವುದು, ಬಾಗಿಲಿಗೆ ಭುಜ ಕೊಟ್ಟು ಒಂದು ಸಲ ಜೋರಾಗಿ ತಳ್ಳುವುದು, ಇಷ್ಟೂ ಇಪ್ಪತ್ತೇಳು ವರ್ಷಗಳಿಂದ ತಪ್ಪದೆ ನಡೆದುಬಂದಿದೆ.

ಒಳಗೆ ಒಂದೇ ಕೋಣೆ. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಪೆನ್ಸಿಲ್, ರಬ್ಬರ್, ಚಹಾದ ಫ್ಲಾಸ್ಕ್. ಗೋಡೆಗೊರಗಿದ ಮರದ ಬೀರುವಿನಲ್ಲಿ ಇಪ್ಪತ್ತಾರು ಡ್ರಾಯರುಗಳು, ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು. ಎಕ್ಸ್ ಅಕ್ಷರದ ಡ್ರಾಯರಿನಲ್ಲಿ ಹೇಳಿಕೊಳ್ಳುವಂಥ ಪದಗಳಿಲ್ಲದ ಕಾರಣ ಅಲ್ಲಿ ಬಿಸ್ಕತ್ತಿನ ಪೊಟ್ಟಣ ಇದೆ. ಆಕೆ ಚಹಾ ಬಗ್ಗಿಸಿಕೊಂಡು ಅಂಗೈಯಗಲದ ಒಂದು ಚೀಟಿ ತೆಗೆಯುತ್ತಾರೆ, ಕನ್ನಡಕ ಏರಿಸುತ್ತಾರೆ, ಖಾಲಿ ಕೋಣೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾರೆ. ಇಂಗ್ಲಿಷಿನ ಆ ವಾಕ್ಯವನ್ನು ನಮ್ಮ ಮಾತಿಗೆ ತಂದರೆ ಇಷ್ಟು: ಚಹಾ ತುಂಬಾ ಬಿಸಿಯಾಗಿತ್ತು, ಅದಕ್ಕೇ ನಾನು ಸ್ವಲ್ಪ ಹೊತ್ತು ಕಾದೆ.

ಓದಿದ ಮೇಲೆ ಒಂದು ಪದದ ಮೇಲೆ ಹೆಬ್ಬೆರಳು ಒತ್ತಿ ಮತ್ತೆ ಓದುತ್ತಾರೆ. ಚಹಾ ತುಂಬಾ ಏನೋ ಆಗಿತ್ತು, ಅದಕ್ಕೇ ನಾನು ಸ್ವಲ್ಪ ಹೊತ್ತು ಕಾದೆ. “ಏನಾಗಿತ್ತು?” ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. “ಬಿಸಿಯಾಗಿತ್ತು. ಇನ್ನೇನೂ ಆಗೋಕೆ ಸಾಧ್ಯ ಇಲ್ಲ. ಪಾಸು.” ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಬೀಳುತ್ತದೆ.

ಕೆಳಗಿನ ಅಂಗಡಿಯವರು ಆಕೆಯನ್ನು ಡಿಕ್ಷನರಿಯಮ್ಮ ಎನ್ನುತ್ತಾರೆ. ಕೆಂಪು ರಟ್ಟಿನ, ಜೇಬಿನಲ್ಲಿ ಹಿಡಿಸುವ ಆ ಪುಸ್ತಕ ನಿಮ್ಮ ಮನೆಯಲ್ಲೂ ಎಲ್ಲೋ ಬಿದ್ದಿರಬಹುದು. ದಿನಬಳಕೆಯ ಮೂರು ಸಾವಿರ ಇಂಗ್ಲಿಷ್ ಪದ, ಪ್ರತಿ ಪದಕ್ಕೂ ಸರಳವಾದ ಒಂದು ಅರ್ಥ, ಅದರ ಕೆಳಗೆ ಒಂದು ಉದಾಹರಣೆ ವಾಕ್ಯ. ಆಸ್ಪತ್ರೆಯ ಆಯಾಗಳು, ಟ್ಯಾಕ್ಸಿ ಓಡಿಸುವವರು, ಮಕ್ಕಳ ಜೊತೆ ತಾವೂ ಕಲಿಯಲು ಕೂತ ತಾಯಂದಿರು, ಇಂಗ್ಲಿಷ್ ಎಂದರೆ ಬೆವರುವ ಅಂಗಡಿ ಗುಮಾಸ್ತರು ಅದನ್ನು ಬಾಯಿಪಾಠ ಮಾಡಿದ್ದಾರೆ. ಪುಸ್ತಕದ ಮೊದಲ ಪುಟದಲ್ಲಿ ಪ್ರಕಾಶಕರ ಹೆಸರಿದೆ, ಮುದ್ರಕರ ಹೆಸರಿದೆ, ಕಾಗದ ಸರಬರಾಜು ಮಾಡಿದವರ ಹೆಸರೂ ಇದೆ. ಮೂರು ಸಾವಿರ ವಾಕ್ಯಗಳನ್ನು ತಲೆ ಕೆರೆದುಕೊಂಡು ಬರೆದವರ ಹೆಸರನ್ನು ಮಾತ್ರ ಭೂತಗನ್ನಡಿ ಹಿಡಿದು ಹುಡುಕಿದರೂ ಕಾಣಲಾರಿರಿ.

“ಹೆಸರು ಯಾಕೆ ಬೇಕು?” ಎಂದು ಆಕೆ ನಗುತ್ತಾರೆ. “ನನ್ನ ವಾಕ್ಯದಲ್ಲಿ ಬರೋರಿಗೂ ಹೆಸರಿಲ್ಲ. ಹೆಸರು ಇಟ್ಟ ತಕ್ಷಣ ಓದೋನು ‘ಇವನು ಯಾರಪ್ಪಾ’ ಅಂತ ಯೋಚನೆ ಮಾಡ್ತಾನೆ, ಪದ ಮರೀತಾನೆ. ಅದಕ್ಕೇ ನನ್ನ ಪುಸ್ತಕದಲ್ಲಿ ಬರೀ ದರ್ಜಿ, ನೆರೆಯವರು, ಅಣ್ಣ, ಅತ್ತೆ. ಎಲ್ಲರ ಮನೇಲೂ ಇರೋರು.”

ಈ ಕೋಣೆಗೆ ಇನ್ನೂ ಕೆಲವು ಕಟ್ಟಳೆಗಳಿವೆ. ಎಲ್ಲವೂ ಆಕೆಯೇ ಮಾಡಿಕೊಂಡವು, ಆಕೆಯೊಬ್ಬರೇ ಪಾಲಿಸುವಂಥವು. ವಾಕ್ಯದಲ್ಲಿ ಹತ್ತಕ್ಕಿಂತ ಹೆಚ್ಚು ಪದ ಇರಬಾರದು. ಪುಸ್ತಕದೊಳಗೇ ಇರುವ ಪದಗಳಿಂದಲೇ ವಾಕ್ಯ ಮುಗಿಯಬೇಕು. ಯಾರೂ ಸಾಯಬಾರದು, ಯಾಕೆಂದರೆ ಕಲಿಯಲು ಕೂತವರು ಪುಸ್ತಕ ಮುಚ್ಚಿಡುತ್ತಾರೆ. ಕೊನೆಗೆ ಹೆಬ್ಬೆರಳಿನ ಪರೀಕ್ಷೆ. ಪದವನ್ನು ಮುಚ್ಚಿದರೂ ಉಳಿದ ವಾಕ್ಯ ಅದರ ಅರ್ಥವನ್ನು ಬಾಯಿಬಿಡಬೇಕು.

ದಿನಕ್ಕೆ ಹನ್ನೆರಡು ಪದ ಆಕೆಯ ಗುರಿ. ಒಂದೊಂದಕ್ಕೆ ಮೂರೋ ನಾಲ್ಕೋ ವಾಕ್ಯ ಬರೆದು, ಗಟ್ಟಿಯಾಗಿ ಓದಿ, ಹೆಬ್ಬೆರಳಿಟ್ಟು, ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬುಟ್ಟಿಗೆ ಹಾಕುತ್ತಾರೆ. ಸಂಜೆ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ, ಗಂಟಲು ಕಟ್ಟಿರುತ್ತದೆ. ಗಟ್ಟಿಯಾಗಿ ಓದಲೇಬೇಕಾದ್ದರಿಂದಲೇ ಬೀದಿಗೆ ಎಚ್ಚರವಾಗುವ ಮೊದಲು ಬರುವುದು. ಹಾರ್ನುಗಳ ನಡುವೆ ತಮ್ಮ ದನಿ ತಮಗೇ ಕೇಳುವುದಿಲ್ಲ ಎನ್ನುವುದು ಆಕೆಯ ದೂರು. ಇದನ್ನು ಕೇಳಿದ ಕನ್ನಡಕದಂಗಡಿಯವರು ಸುಮ್ಮನಿರುವ ಆಸಾಮಿಯಲ್ಲ. “ಮೊದಮೊದಲು ಮೇಲೆ ಯಾರೋ ಜಗಳ ಆಡ್ತಿದ್ದಾರೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ. “ಒಂದು ದಿನ ಅಂಗಡಿ ಬೇಗ ತೆಗೆದಿದ್ದೆ. ‘ಕಳ್ಳ ಕಿಟಕಿಯಿಂದ ಬಂದ’ ಅಂತ ನಾಲ್ಕು ಸಲ ಕೂಗಿದ್ರು. ಕೋಲು ಹಿಡ್ಕೊಂಡು ಮೇಲೆ ಓಡಿದ್ರೆ, ಅಮ್ಮಾವ್ರು ಒಬ್ಬರೇ ಕೂತು ಬಿಸ್ಕತ್ತು ತಿಂತಿದ್ದಾರೆ!”

ಆ ಮಾತಿಗೆ ಆಕೆಯೂ ನಗುತ್ತಾರೆ. ಆದರೆ ನಗು ಮುಗಿದ ಮೇಲೆ ಮುಖ ಬೇಗ ಮೊದಲಿನಂತಾಗುತ್ತದೆ. “ಅವರು ಹೇಳಿದ್ದು ನಿಜ. ಒಬ್ಬಳೇ ಇದ್ದೆ,” ಎನ್ನುತ್ತಾರೆ. “ಪುಸ್ತಕದ ಒಳಗೆ ನೋಡಿ, ಎಷ್ಟು ಜನ. ಯಾರೋ ಬಾಗಿಲು ತಟ್ತಾರೆ, ಯಾರೋ ಊಟಕ್ಕೆ ಕರೀತಾರೆ, ಯಾರೋ ಛತ್ರಿ ಮರೆತು ವಾಪಸ್ ಬರ್ತಾರೆ. ಎಲ್ಲರನ್ನೂ ನಾನೇ ಕರೆಸಿದ್ದು. ಪುಸ್ತಕ ಮುಚ್ಚಿದ್ರೆ ನನ್ನ ಮನೆಗೆ ಹಾಲಿನವನು ಬಿಟ್ಟರೆ ಇನ್ಯಾರೂ ಬರಲ್ಲ.”

ಆಕೆಯ ಮನೆ ಎರಡು ಬೀದಿ ಆಚೆ. ಎರಡು ಕೋಣೆ, ಎರಡು ಮಂಚ. ಕಿಟಕಿ ಕಡೆಯ ಮಂಚದ ಹಾಸಿಗೆಗೆ ಪ್ರತಿ ಭಾನುವಾರ ಒಗೆದ ಹೊದಿಕೆ ಹಾಸುತ್ತಾರೆ, ಅದರ ಮೇಲೆ ಯಾರೂ ಮಲಗುವುದಿಲ್ಲ. ಅದು ತಂಗಿಯ ಮಂಚ. ತಂಗಿ ಮನೆಬಿಟ್ಟು ಹೋಗಿ ಹದಿನಾಲ್ಕು ವರ್ಷವಾಗಿದೆ. ಈ ವಿಷಯ ಇಷ್ಟು ದಿನ ಯಾರ ಹತ್ತಿರವೂ ಆಕೆ ಹೇಳಿಕೊಂಡಿರಲಿಲ್ಲ. ಈಗ ಹೇಳುವುದಕ್ಕೂ ಕಾರಣ ಒಂದು ಚೀಟಿ. ಅದು ಮೇಜಿನ ಮೇಲೆ, ಚಹಾದ ಲೋಟಕ್ಕೆ ತಾಗದಷ್ಟು ದೂರದಲ್ಲಿ, ಹನ್ನೊಂದು ತಿಂಗಳಿಂದ ಖಾಲಿ ಬಿದ್ದಿದೆ.

ಕತೆ ಶುರುವಾಗುವುದು ಒಂದು ರೈಲು ನಿಲ್ದಾಣದ ಲಗೇಜು ಕೋಣೆಯಲ್ಲಿ. ಅಪ್ಪ ಅಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸದಲ್ಲಿದ್ದವರು. ಯಾರೋ ಪ್ರಯಾಣಿಕರು ಬಿಟ್ಟುಹೋದ ಚೀಲದಲ್ಲಿ ಇಂಗ್ಲಿಷ್ ಪದಗಳ ಪುಸ್ತಕವೊಂದಿತ್ತು. ಒಂದು ವರ್ಷ ಕಾದರೂ ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಅಪ್ಪ ಅದನ್ನು ಮನೆಗೆ ತಂದರು. ಅಕ್ಕನಿಗೆ ಆಗ ಹನ್ನೆರಡು, ತಂಗಿಗೆ ಆರು. ಪುಸ್ತಕದ ಅರ್ಧ ಪುಟಗಳು ಹರಿದಿದ್ದವು. ಅರ್ಥ ಇದ್ದಲ್ಲಿ ಉದಾಹರಣೆ ಇಲ್ಲ, ಉದಾಹರಣೆ ಇದ್ದಲ್ಲಿ ಅರ್ಥ ಇಲ್ಲ. ಮುಂದಿನ ಐದಾರು ವರ್ಷ ಅಕ್ಕತಂಗಿಯರ ಆಟವೆಂದರೆ ಆ ಕಳೆದ ಭಾಗಗಳನ್ನು ತುಂಬುವುದೇ. ಅಕ್ಕ ಅರ್ಥ ಹೇಳುತ್ತಿದ್ದಳು. ತಂಗಿ ವಾಕ್ಯ ಮಾಡುತ್ತಿದ್ದಳು.

ತಂಗಿಗೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಂಡು, ಅದನ್ನು ಕಿತ್ತು ಹೊರಹಾಕಲು ತಲೆ ಎಡಕ್ಕೂ ಬಲಕ್ಕೂ ಅಲ್ಲಾಡುತ್ತಿತ್ತು. ಹಾಗಾಗಿ ವಾಕ್ಯವನ್ನು ಅವಳು ಅಪ್ಪನ ಲಗೇಜು ಚೀಟಿಯ ಹಿಂಬದಿಯಲ್ಲಿ ಬರೆದುಕೊಡುತ್ತಿದ್ದಳು, ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ಮನೆಗೆ ಬಂದವರೆಲ್ಲ ಅಕ್ಕನ ದನಿಯನ್ನು ಹೊಗಳಿದರು. “ಹುಡುಗಿ ಏನು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತೆ!” ಎಂದರು. ಬರೆದವಳು ಪಕ್ಕದಲ್ಲೇ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು.

“ಹೆಬ್ಬೆರಳಿಡೋದು ಕೂಡ ಅವಳೇ ಕಂಡುಹಿಡಿದಿದ್ದು,” ಎನ್ನುತ್ತಾರೆ ಆಕೆ. “ಪದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡೋಳು. ನಾನು ಹೇಳಿಬಿಟ್ರೆ ಅವಳಿಗೆ ಖುಷಿ. ಹೇಳ್ದೆ ಇದ್ರೆ ಚೀಟಿ ಹರಿದು ಇನ್ನೊಂದು ಬರೆಯೋಳು. ಈ ಕೆಲಸ ನಾನು ಯಾವ ಕಾಲೇಜಲ್ಲೂ ಕಲೀಲಿಲ್ಲ. ಆರು ವರ್ಷದ ಕೂಸು ನನಗೆ ಕಲಿಸಿದ್ದು.”

ಅಪ್ಪ ಅಮ್ಮ ಹೋದ ಮೇಲೆ ಇಬ್ಬರೇ ಉಳಿದರು. ಅಕ್ಕ ಪ್ರಕಾಶಕರ ಈ ಕೋಣೆಗೆ ಕೆಲಸಕ್ಕೆ ಬಂದರು, ತಂಗಿ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಸೇರಿದಳು. ಹೊಲಿಗೆಗೆ ಹೆಚ್ಚು ಮಾತು ಬೇಕಾಗಿರಲಿಲ್ಲ, ಮಕ್ಕಳು ಅವಳ ಕೈಯನ್ನು ನೋಡಿ ಕಲಿಯುತ್ತಿದ್ದರು. ಮಾತಿನ ವ್ಯವಹಾರವೆಲ್ಲ ಅಕ್ಕನದು. ಡಾಕ್ಟರ ಹತ್ತಿರ ತಂಗಿಯ ಹೊಟ್ಟೆನೋವನ್ನು ಅಕ್ಕನೇ ಹೇಳುವುದು. ಚಪ್ಪಲಿ ಅಂಗಡಿಯಲ್ಲಿ ತಂಗಿಯ ಕಾಲಿನ ಅಳತೆಯನ್ನೂ ಅಕ್ಕನೇ ಹೇಳುವುದು. ತಂಗಿ ಬಾಯಿ ತೆರೆದು ಮೊದಲ ಅಕ್ಷರದ ಜೊತೆ ಗುದ್ದಾಡುತ್ತಿರುವಾಗಲೇ ಅಕ್ಕ ವಾಕ್ಯ ಮುಗಿಸಿಬಿಡುತ್ತಿದ್ದರು. ಎದುರಿನವರು ಅಯ್ಯೋ ಪಾಪ ಎಂದು ನೋಡುವುದನ್ನು ತಪ್ಪಿಸುವುದು, ಅಷ್ಟೇ ಅಕ್ಕನ ಉದ್ದೇಶ. “ಅವಳಿಗೆ ಕಷ್ಟ ಆಗಬಾರದು ಅಂತ ಮಾಡಿದ್ದು,” ಎಂದವರು ತಾವೇ ತಿದ್ದಿಕೊಳ್ಳುತ್ತಾರೆ. “ನೋಡೋಕೆ ನನಗೆ ಕಷ್ಟ ಆಗ್ತಿತ್ತು. ಅದು ನಿಜ.”

ಹದಿನಾಲ್ಕು ವರ್ಷಗಳ ಹಿಂದೆ ಪುಸ್ತಕದ ನಾಲ್ಕನೆಯ ಆವೃತ್ತಿ ಬಂತು. ಎರಡು ಸಾವಿರ ಪದಗಳಿದ್ದದ್ದು ಮೂರು ಸಾವಿರವಾಯಿತು. ಹೊಸ ಪದಗಳ ಪಟ್ಟಿಯಲ್ಲಿ ಆಕೆ ‘ಸ್ಟ್ಯಾಮರ್’ ಎಂಬುದನ್ನೂ ಸೇರಿಸಿದರು. ಸ್ಟ್ಯಾಮರ್ ಎಂದರೆ ಮಾತು ತೊದಲುವುದು. ಇದೇನು ದಿನಬಳಕೆಯ ಪದವೇ ಎಂದು ಪ್ರಕಾಶಕರು ಹುಬ್ಬೇರಿಸಿದಾಗ, “ನಮ್ಮ ಮನೇಲಿ ದಿನಾ ಬಳಸೋ ಪದ, ಸರ್” ಎಂದು ವಾದಿಸಿ ಗೆದ್ದರು. ಅದಕ್ಕೆ ಬರೆದ ವಾಕ್ಯ ಎಂಟು ಪದಗಳದ್ದು: ‘ಮೈ ಸಿಸ್ಟರ್ ಸ್ಟ್ಯಾಮರ್ಸ್, ಸೋ ಐ ಆನ್ಸರ್ ಫಾರ್ ಹರ್’. ನನ್ನ ತಂಗಿ ತೊದಲುತ್ತಾಳೆ, ಹಾಗಾಗಿ ಅವಳ ಬದಲು ನಾನು ಉತ್ತರ ಹೇಳುತ್ತೇನೆ. ಹೆಸರಿಲ್ಲ, ಸಾವಿಲ್ಲ, ಕಷ್ಟದ ಪದವಿಲ್ಲ. ಹೆಬ್ಬೆರಳಿಟ್ಟರೂ ಅರ್ಥ ಬಾಯಿಬಿಡುತ್ತಿತ್ತು. ಅಷ್ಟು ಒಳ್ಳೆಯ ವಾಕ್ಯ ಆ ವರ್ಷ ಇನ್ನೊಂದು ಬಂದಿರಲಿಲ್ಲವೆಂದು ಆ ದಿನ ಬೀಗಿದ್ದು ಅವರಿಗಿನ್ನೂ ನೆನಪಿದೆ.

ಆ ವರ್ಷವೇ ತಂಗಿಯ ಶಾಲೆ ಆ ಪುಸ್ತಕವನ್ನು ಪಾಠಕ್ಕೆ ಇಟ್ಟಿತು. ಹೊಲಿಗೆ ಕೋಣೆಗೂ ಇಂಗ್ಲಿಷ್ ತರಗತಿಗೂ ನಡುವೆ ಒಂದೇ ತೆಳು ಗೋಡೆ. ಒಂದು ಮಧ್ಯಾಹ್ನ ನಲವತ್ತು ಮಕ್ಕಳು ಒಟ್ಟಿಗೆ ಆ ವಾಕ್ಯವನ್ನು ಓದಿದರು. ಪಾಠ ಬಾಯಿಗೆ ಬರಲೆಂದು ಹತ್ತು ಸಲ ಓದಿದರು. ಗೋಡೆಯ ಈಚೆ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳ ಸುತ್ತ ಕೂತ ಹನ್ನೆರಡು ಹುಡುಗಿಯರು ಮೊದಲು ಗೋಡೆಯ ಕಡೆ ನೋಡಿದರು, ಆಮೇಲೆ ಅವಳ ಕಡೆ ನೋಡಿದರು.

ಸಂಜೆ ತಂಗಿ ಮನೆಗೆ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅಕ್ಕ ಎಂದಿನಂತೆ, “ತಲೆನೋವಾ? ಮಕ್ಕಳು ಗಲಾಟೆ ಮಾಡಿದ್ರಾ? ಬೇಗ ಬಿಟ್ರಾ?” ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳತೊಡಗಿದರು. ತಂಗಿ ಕೈ ಎತ್ತಿ ತಡೆದಳು. ಅವತ್ತು ಅವಳು ಎಷ್ಟು ಹೊತ್ತು ತೆಗೆದುಕೊಂಡಳೆಂದರೆ ಒಲೆಯ ಮೇಲಿದ್ದ ನೀರು ಕುದ್ದು ಬತ್ತಿಹೋಯಿತು. ಅವಳು ಹೇಳಿದ್ದು ಇಷ್ಟು: “ಗ… ಗ… ಗಡಿಯಾರದವರಿಗೂ ನೀನೇ ಉತ್ತರ ಹೇಳಿದೆ. ನಾ… ನಾನು ಹೂಂ ಅನ್ನೋಕೆ ಹೊರಟಿದ್ದೆ.”

ಗಡಿಯಾರದವರೆಂದರೆ ಶಾಲೆಯ ದೊಡ್ಡ ಗಡಿಯಾರ ರಿಪೇರಿಗೆ ಬರುತ್ತಿದ್ದವರು. ಅದಕ್ಕೂ ಮೂರು ವರ್ಷಗಳ ಮೊದಲು ಅವರು ಮನೆಗೆ ಬಂದು, ಹೊಸ ಷರಟು ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಇಷ್ಟವಿದ್ದರೆ ಮದುವೆಯಾಗುತ್ತೇನೆಂದು ತಂಗಿಯನ್ನೇ ನೇರವಾಗಿ ಕೇಳಿದ್ದರು. ತಂಗಿ ಬಾಯಿ ತೆರೆದಳು. ಮಾತು ಸಿಕ್ಕಿಕೊಂಡಿತು, ತಲೆ ಎಡಕ್ಕೂ ಬಲಕ್ಕೂ ಅಲ್ಲಾಡಿತು. ಅಕ್ಕನಿಗೆ ಅವಳ ಕಷ್ಟ ನೋಡಲಾಗಲಿಲ್ಲ. “ಬೇಡ ಅಂತಿದ್ದಾಳೆ, ತಪ್ಪು ತಿಳೀಬೇಡಿ,” ಎಂದುಬಿಟ್ಟರು. ಅವರು ತಪ್ಪು ತಿಳಿಯಲಿಲ್ಲ, ಚಹಾ ಕುಡಿದು ನಮಸ್ಕಾರ ಹೇಳಿ ಹೊರಟುಹೋದರು. ಮತ್ತೆ ಬರಲಿಲ್ಲ.

“ಅವಳ ತಲೆ ಯಾವಾಗಲೂ ಹಾಗೇ ಅಲ್ಲಾಡೋದು. ಮಾತು ಸಿಕ್ಕಿಕೊಂಡ್ರೆ ಹೂಂ ಅನ್ನೋಕೂ ಹಾಗೇ, ಉಹೂಂ ಅನ್ನೋಕೂ ಹಾಗೇ. ನಲವತ್ತು ವರ್ಷ ಜೊತೇಲಿದ್ದ ನನಗೆ ಅದು ಗೊತ್ತಿರಬೇಕಿತ್ತು,” ಎನ್ನುತ್ತಾರೆ ಆಕೆ. ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುವುದನ್ನು ಮರೆಯುತ್ತಾರೆ. “ಮೂರು ವರ್ಷ ಅವಳು ಅದನ್ನ ಹೊಟ್ಟೆಗೆ ಹಾಕ್ಕೊಂಡು ನನ್ನ ಜೊತೆ ಊಟ ಮಾಡಿದಾಳೆ. ನಾನು ಮಾಡಿದ್ದನ್ನೇ ದೊಡ್ಡ ಉಪಕಾರ ಅನ್ನೋ ಹಾಗೆ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟೆ. ಅದನ್ನ ಮಕ್ಕಳ ಬಾಯಲ್ಲಿ ಅವಳಿಗೇ ಕೇಳಿಸಿದೆ. ಇಂಥ ಕೆಲಸ ಯಾವ ಶತ್ರುವೂ ಮಾಡಲ್ಲ.”

ವಾರದೊಳಗೆ ತಂಗಿ ಶಾಲೆಯನ್ನೂ ಮನೆಯನ್ನೂ ಬಿಟ್ಟು ಬೇರೊಂದು ಊರಿಗೆ ಹೋದಳು. ಅಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಒಬ್ಬಳೇ ಇದ್ದಾಳೆ, ಇಷ್ಟು ಮತ್ತು ಅಂಗಡಿಯ ವಿಳಾಸ ಮಾತ್ರ ಅವರಿವರಿಂದ ಅಕ್ಕನಿಗೆ ಗೊತ್ತು. ಮೊದಲ ವರ್ಷ ಅಕ್ಕ ಎರಡು ಕಾಗದ ಬರೆದರು, ಒಂದು ಹನ್ನೊಂದು ಪುಟ, ಇನ್ನೊಂದು ಹದಿನಾರು ಪುಟ. ಉತ್ತರ ಬರಲಿಲ್ಲ. “ಬರೋದಾದ್ರೂ ಹೇಗೆ? ಅವಳು ಏನು ಹೇಳಬಹುದೋ ಅದನ್ನೂ ನಾನೇ ಬರೆದಿದ್ದೆನಲ್ಲ. ‘ನೀನು ಹೀಗೆ ಅನ್ನಬಹುದು, ಆದರೆ’ ಅಂತ ಪುಟಗಟ್ಲೆ.”

ಇನ್ನು ಪುಸ್ತಕ. ಐದನೆಯ ಆವೃತ್ತಿಯೂ ಆರನೆಯದೂ ಹಳೆಯ ಅಚ್ಚಿನಿಂದಲೇ ಬಂದವು. ಒಂದು ವಾಕ್ಯ ಬದಲಾಯಿಸಬೇಕೆಂದು ಆಕೆ ಎರಡು ಸಲವೂ ಕೇಳಿಕೊಂಡರು. ಒಂದಕ್ಕಾಗಿ ಇಡೀ ಪುಟ ಹೊಸದಾಗಿ ಮಾಡುವುದು ಆಗದೆಂದು ಪ್ರಕಾಶಕರು ತಲೆಯಾಡಿಸಿದರು. ಕಾರಣ ಹೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಹೇಳಲು ಆಕೆಗೆ ನಾಚಿಕೆಯಾಯಿತು. ಹೀಗೆ ಆ ಎಂಟು ಪದಗಳು ಹದಿನಾಲ್ಕು ವರ್ಷ ಊರೂರು ಸುತ್ತಿದವು. ಬಸ್ಸಿನಲ್ಲಿ ಯಾರಾದರೂ ಕೆಂಪು ರಟ್ಟಿನ ಪುಸ್ತಕ ತೆರೆದು ಕೂತರೆ ಆಕೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ಈಗ ಬರುತ್ತಿರುವುದು ಏಳನೆಯ ಆವೃತ್ತಿ. ಇದನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಜೋಡಿಸುತ್ತಿದ್ದಾರೆ, ಯಾವ ವಾಕ್ಯವನ್ನು ಬೇಕಾದರೂ ಬದಲಿಸಬಹುದು. ಇದು ಮುಗಿದರೆ ಆಕೆಯ ಕೆಲಸವೂ ಮುಗಿಯುತ್ತದೆ, ಮುಂದಿನ ತಿಂಗಳಿಂದ ನಿವೃತ್ತಿ. ಅಂದರೆ ಇದೊಂದೇ ಅವಕಾಶ. ಹನ್ನೊಂದು ತಿಂಗಳಲ್ಲಿ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಚೀಟಿಗಳ ಮೂಲೆಗೆ ಚುಕ್ಕಿ ಬಿದ್ದಿದೆ. ಉಳಿದದ್ದು ಆ ಒಂದು. ಅದಕ್ಕೆ ಬರೆದು ಬುಟ್ಟಿಗೆ ಹಾಕಿದ ವಾಕ್ಯಗಳಿಗೆ ಲೆಕ್ಕವಿಲ್ಲ. ಹುಡುಗ ಭಯದಿಂದ ತೊದಲಿದ ಎಂದು ಬರೆದರು, ಸುಳ್ಳೆನಿಸಿತು. ತಂಗಿಯ ಕ್ಷಮೆ ಕೇಳುವಂತೆ ಬರೆದರು, ಅದರಲ್ಲೂ ಮಾತಾಡುತ್ತಿದ್ದವರು ಅಕ್ಕನೇ. ಪದವನ್ನೇ ಪುಸ್ತಕದಿಂದ ತೆಗೆದುಹಾಕಿದರೆ ಹೇಗೆಂದೂ ಯೋಚಿಸಿದರು. ಹಾಗೆ ಮಾಡಿದರೆ ತಂಗಿಯನ್ನು ಇನ್ನೊಮ್ಮೆ ಮನೆಯಿಂದ ಕಳಿಸಿದಂತಾಗುತ್ತದೆ ಎನಿಸಿ ಕೈಬಿಟ್ಟರು.

ಹತ್ತು ದಿನಗಳ ಹಿಂದೆ ಒಂದು ಬೆಳಿಗ್ಗೆ ಆಕೆ ಬೇರೇನೋ ಮಾಡಿದರು. ಖಾಲಿ ಚೀಟಿಯಂಥದೇ ಇನ್ನೊಂದು ಚೀಟಿ ತೆಗೆದುಕೊಂಡು ಪದ ಬರೆದರು, ಅರ್ಥ ಬರೆದರು. ಉದಾಹರಣೆಯ ಗೆರೆಯನ್ನು ಖಾಲಿ ಬಿಟ್ಟರು. ಹಿಂಬದಿಯಲ್ಲಿ ಈ ಕಚೇರಿಯ ಫೋನ್ ನಂಬರು, ಕೊನೆಯ ದಿನ ಶುಕ್ರವಾರ ಎಂಬ ಮಾಹಿತಿ. ಲಕೋಟೆಗೆ ಹಾಕಿ ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸಿದರು. ಜೊತೆಯಲ್ಲಿ ಕಾಗದ ಇಡಲಿಲ್ಲ, ‘ಇಂತಿ ನಿನ್ನ ಅಕ್ಕ’ ಎಂದೂ ಬರೆಯಲಿಲ್ಲ. “ನನ್ನ ಜೀವಮಾನದಲ್ಲಿ ಅವಳಿಗೆ ಅಂತ ಜಾಗ ಬಿಟ್ಟಿದ್ದು ಅದೇ ಮೊದಲು,” ಎನ್ನುತ್ತಾರೆ. “ಪೆನ್ನಿಗೆ ಮುಚ್ಚಳ ಹಾಕೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?”

ಸೋಮವಾರ ಅಂಚೆಯಲ್ಲಿ ಏನೂ ಇಲ್ಲ. ಮಂಗಳವಾರ ಕರೆಂಟ್ ಬಿಲ್. ಬುಧವಾರ, ಗುರುವಾರ ಏನೂ ಇಲ್ಲ. ಪ್ರತಿದಿನ ಹತ್ತೂವರೆಗೆ ಅಂಚೆಯವರ ಸೈಕಲ್ ಬೆಲ್ ಕೇಳಿದೊಡನೆ ಆಕೆ ಕಿಟಕಿಗೆ ಬಂದು ನಿಲ್ಲುತ್ತಾರೆ. ಕೆಳಗಿನ ಅಂಗಡಿಯವರು ತಲೆಯೆತ್ತಿ ಎರಡೂ ಕೈ ಬರಿದು ಎಂದು ತೋರಿಸುತ್ತಾರೆ. ಯಾವ ಕಾಗದಕ್ಕೆ ಕಾಯುತ್ತಿದ್ದಾರೆಂದು ಅವರಿಗೆ ಗೊತ್ತಿಲ್ಲ, ಆದರೂ ಗುರುವಾರದ ಹೊತ್ತಿಗೆ ಅವರೂ ತಮಾಷೆ ನಿಲ್ಲಿಸಿದ್ದಾರೆ.

ಶುಕ್ರವಾರ ಹನ್ನೊಂದಕ್ಕೆ ಪ್ರಕಾಶಕರೇ ಬರುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಗಡಿಬಿಡಿಯ ಆಸಾಮಿ, ಕೂತಲ್ಲಿ ಕೂರುವವರಲ್ಲ. ಚೀಟಿಗಳ ಕಟ್ಟುಗಳನ್ನು ಪೆಟ್ಟಿಗೆಗೆ ತುಂಬುತ್ತಾ, ಒಂದು ಕಡಿಮೆ ಇರುವುದನ್ನು ಕಂಡುಹಿಡಿದು, “ಏನಮ್ಮಾ, ಮೂರು ಸಾವಿರ ಬರೆದೋರಿಗೆ ಒಂದು ವಾಕ್ಯ ಏನು ಮಹಾ? ಹಳೇದನ್ನೇ ಹಾಕಿ, ಚೆನ್ನಾಗೇ ಇತ್ತಲ್ಲ,” ಎನ್ನುತ್ತಾರೆ. ಆಕೆ ಸಂಜೆಯವರೆಗೆ ಸಮಯ ಕೇಳುತ್ತಾರೆ. ಪ್ರಕಾಶಕರು ಗಡಿಯಾರ ನೋಡಿಕೊಂಡು, ಹನ್ನೆರಡಕ್ಕೆ ಪ್ರೆಸ್ಸಿನ ಗಾಡಿ ಬರುತ್ತದೆ, ಅಲ್ಲಿಯವರೆಗೆ ಮಾತ್ರ ಎನ್ನುತ್ತಾರೆ.

ಹನ್ನೊಂದೂಮುಕ್ಕಾಲಿಗೆ ಫೋನು ಹೊಡೆದುಕೊಳ್ಳುತ್ತದೆ. ಹತ್ತಿರ ನಿಂತಿದ್ದ ಪ್ರಕಾಶಕರೇ ಎತ್ತುತ್ತಾರೆ. “ಹಲೋ? ಹಲೋ? ಯಾರು?” ಎಂದು ಕೇಳಿ, “ಯಾರೂ ಮಾತಾಡ್ತಿಲ್ಲ, ರಾಂಗ್ ನಂಬರ್ ಇರಬೇಕು,” ಎಂದು ಕೆಳಗಿಡಲು ಹೋಗುತ್ತಾರೆ. ಮಂಡಿನೋವಿನ ಆ ಹೆಂಗಸು ಮೇಜು ದಾಟಿ ಬಂದ ವೇಗಕ್ಕೆ ಚಹಾದ ಲೋಟ ಉರುಳುತ್ತದೆ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಳ್ಳುತ್ತಾರೆ.

ಆ ಕಡೆ ಯಾರೋ ಉಸಿರಾಡುತ್ತಿದ್ದಾರೆ. ಹಿಂದೆ ಎಲ್ಲೋ ಹೊಲಿಗೆ ಯಂತ್ರದ ಸದ್ದು ಕೇಳಿ ನಿಲ್ಲುತ್ತದೆ. ಒಂದು ಅಕ್ಷರ ಹೊರಗೆ ಬರಲು ನೋಡುತ್ತದೆ, ಸಿಕ್ಕಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಕ್ಕನ ನಾಲಗೆಯ ತುದಿಗೆ ಹದಿನಾಲ್ಕು ವರ್ಷಗಳ ಮಾತು ಬಂದು ನಿಂತಿದೆ. ನೀನೇನಾ, ಹೇಗಿದ್ದೀಯಾ, ಚೀಟಿ ಸಿಕ್ತಾ, ತಪ್ಪಾಯ್ತು ಕಣೇ. ಒಂದನ್ನೂ ಆಡದೆ ತುಟಿ ಕಚ್ಚಿಕೊಂಡು ನಿಲ್ಲುತ್ತಾರೆ. ಪ್ರಕಾಶಕರು ‘ಇಟ್ಟುಬಿಡಿ’ ಎಂದು ಸನ್ನೆ ಮಾಡುತ್ತಾರೆ, ಗಡಿಯಾರ ತೋರಿಸುತ್ತಾರೆ. ಕೆಳಗೆ ಗಾಡಿಯ ಹಾರ್ನು ಕೇಳುತ್ತದೆ. ಚೆಲ್ಲಿದ ಚಹಾ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತದೆ. ಆಕೆ ಅಲುಗಾಡುವುದಿಲ್ಲ. ಒಂದು ನಿಮಿಷ ಕಳೆಯುತ್ತದೆ, ಎರಡನೆಯದೂ ಕಳೆಯುತ್ತದೆ.

“ಬ… ಬ… ಬರ್ಕೋ,” ಎನ್ನುತ್ತದೆ ಆ ಕಡೆಯ ದನಿ.

ಅಕ್ಕ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ತಂಗಿ ಒಂದೊಂದೇ ಪದ ಹೇಳುತ್ತಾಳೆ. ನಡುವೆ ಎಲ್ಲೆಲ್ಲಿ ನಿಂತರೂ ಮುಂದಿನ ಪದ ಏನಿರಬಹುದೆಂದು ಅಕ್ಕ ಊಹಿಸಿ ಬರೆಯುವುದಿಲ್ಲ, ಕಿವಿಗೆ ಬಿದ್ದ ಮೇಲೆಯೇ ಬರೆಯುತ್ತಾರೆ. ಏಳು ಪದ ಬರೆದಾಗುತ್ತದೆ. “ಇ… ಇಡ್ತೀನಿ ಅಕ್ಕಾ,” ಎಂದು ತಂಗಿ ಫೋನಿಡುತ್ತಾಳೆ. ಅಕ್ಕ ಈ ಕಡೆಯಿಂದ ಒಂದು ಮಾತೂ ಆಡಿಲ್ಲ. ರಿಸೀವರನ್ನು ಇಟ್ಟು, ಯಾರಿದ್ದಾರೆಂದೂ ನೋಡದೆ ಬಿಕ್ಕಿ ಬಿಕ್ಕಿ ಅಳುತ್ತಾರೆ. ಪ್ರಕಾಶಕರು ಏನು ಮಾಡಬೇಕೆಂದು ತೋಚದೆ ಎಕ್ಸ್ ಡ್ರಾಯರಿನಿಂದ ಬಿಸ್ಕತ್ತು ತೆಗೆದು ಮುಂದಿಡುತ್ತಾರೆ.

ಚೀಟಿಯಲ್ಲಿರುವುದು ಇದು: ‘ಐ ಸ್ಟ್ಯಾಮರ್, ಬಟ್ ಐ ಫಿನಿಶ್ ಮೈ ಸೆಂಟೆನ್ಸಸ್’. ನಾನು ತೊದಲುತ್ತೇನೆ, ಆದರೆ ನನ್ನ ಮಾತನ್ನು ನಾನೇ ಮುಗಿಸುತ್ತೇನೆ. ಆಕೆ ಕಣ್ಣೊರೆಸಿಕೊಂಡು ಪದದ ಮೇಲೆ ಹೆಬ್ಬೆರಳಿಡುತ್ತಾರೆ, ಉಳಿದದ್ದನ್ನು ಓದುತ್ತಾರೆ, ಬೆರಳು ತೆಗೆಯುತ್ತಾರೆ. ಮೂಲೆಗೆ ಚುಕ್ಕಿ ಹಾಕಲು ಪೆನ್ಸಿಲ್ ಎತ್ತಿದವರು ಹಾಕದೆ ಕೆಳಗಿಡುತ್ತಾರೆ. ಚೀಟಿ ಹಾಗೆಯೇ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ಮೆಟ್ಟಿಲಿಳಿದು ಗಾಡಿಗೆ ಹೋಗುತ್ತದೆ.

ಪುಸ್ತಕ ಬಂದ ಮೇಲೆ ಏನು ಮಾಡುತ್ತೀರಿ ಎಂದರೆ, ಮೊದಲ ಪ್ರತಿ ಹಿಡಿದುಕೊಂಡು ಆ ಊರಿಗೆ ಹೋಗುತ್ತಾರಂತೆ. “ಅವಳ ಅಂಗಡಿ ಬಾಗಿಲಲ್ಲಿ ಸುಮ್ಮನೆ ನಿಂತ್ಕೋತೀನಿ. ಒಳಗೆ ಬಾ ಅಂತಾಳೋ, ಹೋಗು ಅಂತಾಳೋ, ಅವಳೇ ಹೇಳಲಿ. ಸಂಜೆ ಆದರೂ ಪರವಾಗಿಲ್ಲ.” ಅಷ್ಟು ಹೇಳಿ ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸುತ್ತಾರೆ, ಖಾಲಿಯಾದ ಡ್ರಾಯರುಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ಬಾಗಿಲಿಗೆ ಬೀಗ ಹಾಕುವಾಗ ಬೈಯುವುದನ್ನು ಅವತ್ತು ಮರೆಯುತ್ತಾರೆ. ಹದಿನಾಲ್ಕನೆಯ ಮೆಟ್ಟಿಲಿನ ಮೇಲೆ ನಿಂತು, ಯಾರೂ ಕೇಳದಿದ್ದರೂ ಹೇಳುತ್ತಾರೆ: “ಮೂರು ಸಾವಿರದಲ್ಲಿ ಅದೊಂದು ವಾಕ್ಯ ನಂದಲ್ಲ. ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿರೋದು.”